ಪಾದ್ರಿಗಳ ಸ್ಕೀ ಅಳತೆ

ಅಯ್ಯೋ, ಬಗ್ಗಬೇಡಿ ಸ್ವಾಮಿ, ಬಗ್ಗಬೇಡಿ! ಆ ಸ್ಕೀ ಅಲ್ಲೇ ಬಿದ್ದಿರಲಿ. ಬಸ್ಸಿನ ಡ್ರೈವರು ಒಳಗೆ ತಂದು ಹಾಕಿದ್ದೇ ದೊಡ್ಡದು, ಗೋಡೆಗೆ ಒರಗಿಸಿ ಹೋಗೋ ಸಂಸ್ಕಾರ ಅವನಿಗೆ ಎಲ್ಲಿಂದ ಬರಬೇಕು... ಅವರಮ್ಮನೂ ಹಾಗೇ ಇದ್ದಳು, ಬಿಡಿ. ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಕಾಲು ಚಾಚಿ. ಇನ್ನೂ ಚಾಚಿ, ನಾಚಿಕೆ ಏನು, ಇಲ್ಲಿ ದಿನಕ್ಕೆ ನೂರು ಕಾಲು ನೋಡ್ತೀನಿ ನಾನು. ಊರುಗೋಲು ಇತ್ಲಾಗೆ ಕೊಡಿ.

ಏನು? ಸ್ಕೀ ವಾಪಸು ಕೊಟ್ಟು ಹೋಗೋಕೆ ಮಾತ್ರ ಬಂದ್ರಾ? ಆಯ್ತು, ಹೋಗೋರಂತೆ. ಮಂಡಿ ತಿರುಚಿಕೊಂಡು ಮೂರು ವಾರ ಮನೆಯೊಳಗೇ ಇದ್ದೋರು ಇವತ್ತು ಹೊರಗೆ ಕಾಲಿಟ್ಟಿದೀರಿ, ಅದೂ ಮೊದಲು ನನ್ನ ಅಂಗಡಿಗೆ. ಒಂದು ಗುಟುಕು ಶ್ನಾಪ್ಸ್ ಸಾರಾಯಿ ಕೊಡದೆ ಕಳಿಸಿದ್ರೆ ಝೆನ್ಸಿ ಮುದುಕಿ ಜಿಪುಣಿ ಅಂತ ಊರು ಆಡ್ಕೊಳುತ್ತೆ. ಬೇಡ್ವಾ? ಸುರಿದುಬಿಟ್ಟೆನಲ್ಲ... ಸರಿ, ನಾನೇ ಕುಡೀತೀನಿ. ಚೆಲ್ಲಿದ್ರೆ ಪಾಪ.

ಹ್ಞಾ. ಅಂದಹಾಗೆ... ಆ ಕಾಗದದ ವಿಷಯ ನಿಮ್ಮ ಕಿವಿಗೆ ಬಿದ್ದಿರಬೇಕಲ್ಲ?

ಬಿದ್ದಿಲ್ವಾ? ಅಯ್ಯೋ, ನನ್ನ ಬಾಯಿಗಿಷ್ಟು! ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋದು ನನ್ನಂಥೋರನ್ನ ನೋಡಿಯೇ. ಆದ್ರೂ ಅರ್ಧ ಹೇಳಿ ನಿಲ್ಲಿಸೋದು ಇನ್ನೂ ಕೆಟ್ಟದ್ದು, ಹೇಳಿಬಿಡ್ತೀನಿ. ನಮ್ಮ ಬೇಕರಿ ರೋಸ್ವಿಥಾ ಬಿಷಪ್ಪರಿಗೆ ಕಾಗದ ಬರೆದಿದಾಳೆ, ಊರಿನ ಪರವಾಗಿ. ಈ ಪಾದ್ರಿ ನಮಗೆ ಬೇಡ, ಬೇರೆಯವರನ್ನ ಕಳಿಸಿ ಅಂತ. ನಲವತ್ತೊಂದು ಮನೆ ಸಹಿ ಹಾಕಿವೆ. ಬೆಣ್ಣೆ ಕೊಳ್ಳೋಕೆ ಕೂಡ ಒಂದು ಮಾತಿಗೆ ಬರದ ಊರು ಇದು! ಇನ್ನು ನನ್ನದೊಂದೇ ಬಾಕಿ. ಮಧ್ಯಾಹ್ನದ ಗಂಟೆ ಹೊಡೆಯೋ ಹೊತ್ತಿಗೆ ಬರ್ತಾಳಂತೆ, ನನ್ನ ಸಹಿ ಹಾಕಿಸಿಕೊಂಡು ಹಾಗೇ ಅಂಚೆಗೆ ಹಾಕ್ತಾಳಂತೆ.

ಯಾಕೆ ಅಂದ್ರೆ? ಅದೇ... ನೀವು ಸುಳ್ಳು ಬರೆದ್ರಿ ಅಂತ. ನಾನಲ್ಲ ಅನ್ನೋದು, ಊರು ಅನ್ನೋದು! ಸ್ಕೀ ಬಾಡಿಗೆ ಚೀಟಿಯಲ್ಲಿ ತೂಕ, ಎತ್ತರ, ಎಷ್ಟನೇ ದರ್ಜೆ ಅಂತ ಬರೀಬೇಕಲ್ಲ. ಒಂದು ಅಂದ್ರೆ ಈಗ ಕಲೀತಿರೋರು, ಎರಡು ಅಂದ್ರೆ ನಿಭಾಯಿಸೋರು, ಮೂರು ಅಂದ್ರೆ ಗಾಳಿ ಹಾಗೆ ಇಳಿಯೋರು. ಪಾದ್ರಿ ತನ್ನನ್ನ ಮೂರನೇ ದರ್ಜೆ ಅಂತ ಬರೆದುಕೊಂಡನಂತೆ, ಹೋಗಿ ಮಕ್ಕಳು ಆಡೋ ದಿಬ್ಬದಲ್ಲಿ ಬಿದ್ದನಂತೆ, ಎಂಟು ಜನ ಗಂಡಸರು ಊಟ ಬಿಟ್ಟು ಓಡಿ ಹಿಮದ ಮೇಲೆ ಎಳೆಯೋ ಬಂಡಿಯಲ್ಲಿ ಹಾಕಿ ತರಬೇಕಾಯ್ತಂತೆ. ಪಾದ್ರಿಯೇ ಜಂಭಕ್ಕೆ ಸುಳ್ಳು ಬರೆದ್ರೆ ನಮ್ಮ ಪಾಪ ನಾವು ಯಾರ ಹತ್ರ ಹೇಳೋದು? ಹೀಗಂತಾಳೆ ರೋಸ್ವಿಥಾ. ಅವಳ ಪಾಪ ಕೇಳಬೇಕಾದ್ರೆ ಪಾದ್ರಿಗಳು ಬುತ್ತಿ ಕಟ್ಟಿಕೊಂಡು ಕೂರಬೇಕು, ಅದು ಬೇರೆ ಮಾತು.

ನಗ್ತಿದೀರಾ? ಇಲ್ವಾ? ನಕ್ಕ ಹಾಗೆ ಕಾಣಿಸ್ತು.

ನೋಡಿ, ನಾನು ನಿಮ್ಮ ಪರ. ರೋಸ್ವಿಥಾಗೂ ಹೇಳಿದೆ, ಸುಳ್ಳು ಬರೆಯದೋರು ಯಾರು ಇದಾರೆ ಕಣೆ ಅಂತ. ಐವತ್ತೊಂದು ಚಳಿಗಾಲ ಕೂತಿದೀನಿ ಈ ಅಂಗಡಿ ಮೇಜಿನ ಹಿಂದೆ! ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋಳು, ಆದ್ರೆ ಈ ಒಂದು ಚೀಟಿ ಓದೋಕೆ ಬಂದ್ರೆ ಸಾಕು, ಮನುಷ್ಯನ ಜಾತಕ ಪೂರ್ತಿ ಓದಬಹುದು. ಮ್ಯೂನಿಕ್ಕಿನ ಹಲ್ಲಿನ ಡಾಕ್ಟ್ರು ಒಬ್ಬ ಬರ್ತಾನೆ, ಪ್ರತಿ ಫೆಬ್ರವರಿ. ಇಳಿಜಾರು ನೋಡಿದ್ರೆ ತೊಡೆ ನಡುಗುತ್ತೆ, ಚೀಟೀಲಿ ಮೂರನೇ ದರ್ಜೆ! ನನಗೆ ಆ ಉದ್ದದ್ದು ಕೊಡಿ, ಅಗಲದ್ದು ಕೊಡಿ, ಇಡೀ ಬೆಟ್ಟಕ್ಕೆ ಆಗೋದು ಕೊಡಿ ಅಂತಾನೆ. ಇಡೀ ಬೆಟ್ಟಕ್ಕೆ ಆಗೋ ಸ್ಕೀ ಅಂದ್ರೆ ಅದೇ ಬೆಟ್ಟ ಇಳಿಯುತ್ತೆ, ಇವನು ಮೇಲೆ ನಿಂತಿದ್ರೆ ಸಾಕು ಅಂದ್ಕೊಂಡಿದಾನೆ! ಸ್ವಾಮಿ, ನಿಲ್ಲಿಸಿ ಅಳೆದ್ರೆ ಸ್ಕೀ ಹೊಸಬರಿಗೆ ಗದ್ದದ ಮಟ್ಟ, ಹೆಚ್ಚೆಂದ್ರೆ ಮೂಗಿನ ಮಟ್ಟ. ಬಲ್ಲವರಿಗೆ ಹಣೆ ಮಟ್ಟ. ಗಟ್ಟಿಯಾಗಿ ಹಾಸಿದ ಹಿಮದ ಮೇಲೇ ಇರೋರಿಗೆ ಸ್ಕೀಯ ನಡು ಸಣ್ಣಗಿರೋದು, ಬೇಗ ತಿರುಗುತ್ತೆ. ಪುಡಿ ಹಿಮಕ್ಕೂ ಇಳಿಯೋರಿಗೆ ನಡು ಅಗಲ ಇರೋದು, ಮುಳುಗಲ್ಲ. ಮೈ ಭಾರ ಇದ್ರೆ ಸ್ವಲ್ಪ ಬಿರುಸು, ಹಗುರ ಇದ್ರೆ ಮೆತ್ತಗೆ ಬಾಗೋದು. ಇಷ್ಟೇ ವೇದ. ಇಷ್ಟನ್ನ ನಿಜ ಹೇಳಿದ್ರೆ ಯಾವ ಮಂಡಿಯೂ ಮುರಿಯಲ್ಲ. ಆದ್ರೆ ನಿಜ ಯಾರು ಹೇಳ್ತಾರೆ?

ಹೆಂಗಸರದ್ದು ಇನ್ನೊಂದು ಕಥೆ. ದರ್ಜೆ ಸರಿಯಾಗೇ ಹೇಳ್ತಾರೆ, ತೂಕ ಹೇಳೋಕೆ ಬಾಯಿ ಬರಲ್ಲ. ನಮ್ಮ ಮೇಯರ್ ಹೆಂಡತಿ ಮೂರು ಮಕ್ಕಳು ಹೆತ್ತಳು, ಹೋಟೆಲ್ ಹಾಕಿದಳು, ಮಗ್ಗುಲಾಗಿ ತಿರುಗದೆ ಆ ಬಾಗಿಲಲ್ಲಿ ಒಳಗೆ ಬರೋಕಾಗಲ್ಲ. ಇವತ್ತಿಗೂ ಚೀಟೀಲಿ ಐವತ್ತೆಂಟು ಕಿಲೋ! ಮದುವೆ ದಿನದ ತೂಕ ಅದು, ನಾನೇ ಸಾಕ್ಷಿ.

ಅದಕ್ಕೇ ನಮ್ಮತ್ತೆ ಸಾಯೋ ಮುಂಚೆ ಒಂದು ಸೂತ್ರ ಹೇಳಿಕೊಟ್ಟು ಹೋದಳು. ಯಾರಿಗೂ ಹೇಳಬೇಡಿ. ಹೆಂಗಸು ಬರೆದ ತೂಕಕ್ಕೆ ಎಂಟು ಕಿಲೋ ಸೇರಿಸು. ಗಂಡಸು ಬರೆದ ದರ್ಜೆಯಿಂದ ಒಂದು ಕಳೆ. ಅವರು ಚೀಟಿ ಬರೆದುಕೊಟ್ಟು ಆ ಕಡೆ ಬೂಟು ಹಾಕ್ಕೊಳೋ ಹೊತ್ತಿಗೆ ನಾನು ನೀಲಿ ಪೆನ್ಸಿಲ್ಲಲ್ಲಿ ಸುಮ್ಮನೆ ತಿದ್ದಿ, ಆ ಲೆಕ್ಕಕ್ಕೆ ಕೊಂಡಿ ತಿರುಪು ತಿರುಗಿಸ್ತೀನಿ. ಬೂಟು ಕಚ್ಚಿಕೊಂಡಿರುತ್ತಲ್ಲ, ಆ ಕೊಂಡಿ. ಸಡಿಲ ಆದ್ರೆ ಸುಮ್ಮಸುಮ್ಮನೆ ಬಿಚ್ಚಿಕೊಳ್ಳುತ್ತೆ. ಬಿಗಿ ಆದ್ರೆ ಬಿದ್ದಾಗ ಬಿಡಲ್ಲ, ಸ್ಕೀ ಒಂದು ಕಡೆ ತಿರುಗುತ್ತೆ, ಮಂಡಿ ಒಂದು ಕಡೆ... ಗೊತ್ತಲ್ಲ ನಿಮಗೆ. ನಿಮಗೆ ಹೇಳ್ತಿದೀನಲ್ಲ ನಾನೂ!

ಐವತ್ತೊಂದು ವರ್ಷ, ಸ್ವಾಮಿ. ಒಂದು ಸಲವೂ ಲೆಕ್ಕ ತಪ್ಪಿಲ್ಲ. ಝೆನ್ಸಿ ಕಣ್ಣು ತಕ್ಕಡಿ ಅಂತಾರೆ ಜನ. ಹಾಲೆಂಡಿನ ಬಾಗಿಲೆತ್ತರದ ಮನುಷ್ಯರಿಂದ ಹಿಡಿದು ಹಾಲಿನ ಡೇರಿಯ ಕುಳ್ಳನ ತನಕ. ನನಗೆ ಮಕ್ಕಳಿಲ್ಲ, ಗಂಡ ಹೋಗಿ ಇಪ್ಪತ್ತು ವರ್ಷ. ನನಗೆ ಅಂತ ಈ ಊರಲ್ಲಿ ಇರೋದು ಅದೊಂದು ಹೆಸರು.

ಏನು ಅಷ್ಟು ದಿಟ್ಟಿಸಿ ನೋಡ್ತೀರಿ? ಮುಖದ ಮೇಲೆ ಸ್ಕೀಗೆ ತಿಕ್ಕೋ ಮೇಣ ಹತ್ತಿದೆಯಾ?

ಊರಿನ ಮಾತು ಬಿಡಿ. ಹಬ್ಬಿಸೋ ಚಾಳಿ ಇವರದ್ದು. ಒಂದು ಮಾತು ಬಾಯಿಂದ ಬಾಯಿಗೆ ಹೋಗ್ತಾ ಹೇಗೆ ದಪ್ಪ ಆಗುತ್ತೆ ನೋಡಿ. ನನ್ನ ಅಂಗಡಿಯಿಂದ ಹೊರಟಾಗ ಬರೀ ಎರಡನೇ ದರ್ಜೆ ಇತ್ತು, ಬೇಕರಿ ಮುಟ್ಟೋ ಹೊತ್ತಿಗೆ ಮೂರು ಆಗಿತ್ತು!

...

ಅಂಗಡಿಯಿಂದ ಅಂದ್ರೆ... ಮಾತಿಗೆ ಅಂದೆ. ಅಂಗಡಿ ಕಡೆಯಿಂದ. ಇಲ್ಲಿ ನೂರು ಜನ ಬರ್ತಾರೆ ಹೋಗ್ತಾರೆ, ಯಾರಾದ್ರೂ ಅಂದಿರಬಹುದು. ಕೊರ್ಬಿನಿಯಾನೇ ಹಬ್ಬಿಸಿರಬೇಕು. ಬೆಟ್ಟದ ಮೇಲೆ ಬಿದ್ದೋರನ್ನ ಎತ್ತಿ ತರೋ ತಂಡದ ದೊಡ್ಡ ಮನುಷ್ಯ ಅಲ್ವಾ ಅವನು, ಮೂಗು ನೆಟ್ಟಗೆ! ಅವತ್ತು ಬಿರುಗಾಳಿ ಹಾಗೆ ಬಂದ ಇಲ್ಲಿಗೆ. ಕೊಂಡಿ ತಿರುಪಿನ ಮುಳ್ಳು ಎಂಟೂವರೆ ಅಂಕಿಗೆ ಬಿಗಿದಿದೆ, ಇದನ್ನ ಯಾರು ಹೀಗೆ ತಿರುಗಿಸಿದ್ದು ಅಂತ ಗದರಿದ. ಅಂಗಡಿ ತುಂಬ ಗಿರಾಕಿ, ಮೇಯರ್ ಹೆಂಡತಿ ಬೇರೆ ಇಲ್ಲೇ ಕೂತಿದ್ದಳು. ನಾನು ಏನು ಹೇಳ್ಲಿ? ಅವರು ಎರಡನೇ ದರ್ಜೆ ಅಂತ ಬರೆದಿದ್ರು, ಹಾಗೇ ತಿರುಗಿಸಿದೆ ಕಣಪ್ಪ ಅಂದೆ. ಅಷ್ಟೇ. ಒಂದೇ ಒಂದು ಮಾತು. ಅದನ್ನೇ ಇವರು...

ಆ ಕೊಂಡಿಯನ್ನೇ ಯಾಕೆ ನೋಡ್ತೀರಿ? ಏನಾದ್ರೂ ಅನ್ನಿ.

ನೋಡಿ ಸ್ವಾಮಿ, ತಪ್ಪು ನಿಮ್ಮದೂ ಇದೆ. ಹೌದು, ನಿಮ್ಮದೂ ಇದೆ! ನೀವು ಹಂಗೇರಿ ಗಡಿಯ ಬಯಲು ಸೀಮೆ ಕಡೆಯೋರು. ನಿಮ್ಮೂರಲ್ಲಿ ಹೆಬ್ಬಾತು ಕಲ್ಲಿನ ಮೇಲೆ ನಿಂತ್ರೆ ಅದೇ ಶಿಖರ. ಬಂದ ಮೊದಲ ಚಳಿಗಾಲಕ್ಕೇ ಸ್ಕೀ ಯಾಕೆ ಬೇಕಿತ್ತು? ಹ್ಞೂ, ಗೊತ್ತು. ಹೇಳಿದ್ರಿ ಅವತ್ತು. ಊರಿನ ಮಕ್ಕಳೆಲ್ಲ ಮೇಲೆ ಇರ್ತಾರೆ, ನಾನೊಬ್ಬ ಕೆಳಗೆ ನಿಂತು ಕೈ ಬೀಸ್ತಾ ಇರ್ತೀನಿ, ಹಾಗಾಗಬಾರದು ಅಂದ್ರಿ. ಅಂದು ಚೀಟಿ ಬರೆದ್ರಿ. ಎಂಬತ್ತೆಂಟು ಕಿಲೋ. ಒಂದನೇ ದರ್ಜೆ.

ಎಂಬತ್ತೆಂಟು! ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ, ಹೇಳಿ? ಐವತ್ತೊಂದು ವರ್ಷದಲ್ಲಿ ತೂಕ, ದರ್ಜೆ ಎರಡನ್ನೂ ನಿಜವಾಗಿ ಯಾರೂ ಬರೆದಿಲ್ಲ ನನಗೆ! ನಾನು ನಿಮ್ಮನ್ನ ಮೇಲಿಂದ ಕೆಳಗೆ ನೋಡಿದೆ. ಮೈತುಂಬ ಕಪ್ಪು ನಿಲುವಂಗಿ, ಒಳಗೆ ಎಷ್ಟಿದೆ ಅಂತ ಯಾವ ಕಣ್ಣಿಗೆ ಕಾಣುತ್ತೆ? ಪಾದ್ರಿಗೆ ಗಂಡಸಿನ ಲೆಕ್ಕ ಹಾಕ್ಲೋ, ಹೆಂಗಸಿನ ಲೆಕ್ಕ ಹಾಕ್ಲೋ? ನಮ್ಮತ್ತೆ ಅದನ್ನ ಹೇಳಿಕೊಟ್ಟಿರಲಿಲ್ಲ. ನಿಲುವಂಗಿ ನೋಡಿ ಹೆಂಗಸಿನ ಲೆಕ್ಕವೇ ಹಾಕಿದೆ, ಎಂಟು ಸೇರಿಸಿದೆ. ಇನ್ನು ದರ್ಜೆ... ಗಂಡಸರು ಜಂಭಕ್ಕೆ ಒಂದು ಏರಿಸಿಕೊಳ್ತಾರೆ, ಪಾದ್ರಿಗಳು ವಿನಯಕ್ಕೆ ಒಂದು ಇಳಿಸಿಕೊಂಡಿರ್ತಾರೆ ಅಂತ ಎಣಿಸಿ ಒಂದನ್ನ ಎರಡು ಮಾಡಿದೆ. ಸ್ಕೀನೂ ಅದಕ್ಕೆ ತಕ್ಕ ಹಾಗೆ, ಹಣೆ ಮಟ್ಟದ್ದು, ಅಗಲದ್ದು, ಬಿರುಸಿಂದು. ಗದ್ದದ ಮಟ್ಟದ ಮೆತ್ತನೇದು ಕೊಡಬೇಕಿದ್ದ ಮನುಷ್ಯನಿಗೆ! ಆರಕ್ಕೆ ನಿಲ್ಲಬೇಕಾದ ತಿರುಪು ಎಂಟೂವರೆಗೆ ನಿಂತಿತು. ನೀವು ದಿಬ್ಬದಲ್ಲಿ ನಿಂತ ಹಾಗೇ ಮೆಲ್ಲಗೆ ವಾಲಿದ್ರಂತೆ. ಮಕ್ಕಳು ಹೇಳಿದ್ರು. ಮೆಲ್ಲಗೆ, ಮರದ ಹಾಗೆ. ಕೊಂಡಿ ಬಿಡಲಿಲ್ಲ.

ಹ್ಞೂ. ಹೇಳಿಬಿಟ್ಟೆ. ಬಾಯಿಂದ ಬಂತು. ಬೈಯಿರಿ ಈಗ.

ಬೈಯಿರಿ ಅಂದೆ! ನನ್ನ ಗಂಡ ಆಗಿದ್ರೆ ಇಷ್ಟು ಹೊತ್ತಿಗೆ ಆ ಲೋಟ ಗೋಡೆಗೆ ಹೋಗಿರ್ತಿತ್ತು. ಯಾಕೆ, ಚೀಟಿ ತೋರಿಸು ಅಂತೀರಾ? ಇಲ್ಲ ಅದು. ಅವತ್ತೇ ಒಲೆಗೆ ಹಾಕಿದೆ. ಕೊರ್ಬಿನಿಯಾನ್ ಬೆನ್ನು ತಿರುಗಿಸಿದ್ದೇ ತಡ, ನೀಲಿ ಪೆನ್ಸಿಲ್ ಸಮೇತ. ಈಗ ನೀವು ಏನು ಬರೆದ್ರಿ ಅನ್ನೋದಕ್ಕೆ ಈ ಭೂಮಿ ಮೇಲೆ ಸಾಕ್ಷಿ ಇಲ್ಲ. ನಾನು ಮಾತ್ರ. ನಾನು, ಮತ್ತೆ...

ಮತ್ತೆ ನೀವು.

ಅಯ್ಯೋ.

ನೀವೇ ಬರೆದದ್ದಲ್ವಾ! ನಿಮ್ಮ ಕೈಯಾರೆ. ದಿಬ್ಬದ ಮೇಲೂ ಕೊರ್ಬಿನಿಯಾನ್ ಎಂಟೂವರೆ ಅಂತ ಕೂಗಿದನಂತೆ, ಆಗ ನೀವು ಅಲ್ಲೇ ಹಿಮದ ಮೇಲೆ ಮಲಗಿದ್ರಿ, ಎಚ್ಚರ ಇತ್ತು ನಿಮಗೆ. ಅಂದ್ರೆ... ಅವತ್ತೇ ಗೊತ್ತು ನಿಮಗೆ. ಮೂರು ವಾರದಿಂದ ಗೊತ್ತು. ಝೆನ್ಸಿ ಮುದುಕಿ ತಿದ್ದಿದಳು, ಆಮೇಲೆ ತಪ್ಪು ನನ್ನ ಮೇಲೆ ಹೊರಿಸಿದಳು ಅಂತ. ಊರೆಲ್ಲ ಜಂಭದ ಪಾದ್ರಿ, ಸುಳ್ಳು ಪಾದ್ರಿ ಅಂತಿದ್ರೆ, ನಾನು ಬರೆದದ್ದು ಎಂಬತ್ತೆಂಟು, ಒಂದನೇ ದರ್ಜೆ ಅಂತ ಒಂದು ಮಾತು... ಒಂದೇ ಒಂದು ಮಾತು ಹೇಳಬಹುದಿತ್ತಲ್ಲ ನೀವು! ಕಿಟಕಿ ತೆಗೆದು ಕೂಗಿದ್ರೂ ಸಾಕಿತ್ತು!

ಯಾಕೆ ಹೇಳಲಿಲ್ಲ?

ಹೇಳಿದ್ರೆ ಈ ಅಂಗಡಿಗೆ ಯಾರು ಕಾಲಿಡ್ತಾರೆ ಅಂತಲಾ? ಆ ಮುದುಕಿಗೆ ಬೇರೆ ಏನಿದೆ ಅಂತಲಾ? ಹಾಗೆ ತಲೆ ತಗ್ಗಿಸಬೇಡಿ, ಉತ್ತರ ಕೊಡಿ. ಆ ಕಾಗದದ ವಿಷಯವೂ ನಿಮಗೆ ಗೊತ್ತಿತ್ತು, ಅಲ್ವಾ? ಅದಕ್ಕೇ ಬಂದಿರೋದು ಸ್ಕೀ ವಾಪಸು ಕೊಡೋಕೆ. ಊರು ಬಿಡೋಕೆ ಮುಂಚೆ ಯಾರ ಸಾಮಾನೂ ಇಟ್ಕೊಂಡಿರಬಾರದು ಅಂತ. ಪೆಟ್ಟಿಗೆ ಕಟ್ಟಾಯ್ತಾ?

ತಲೆ ಆಡಿಸ್ತೀರಿ. ಕಟ್ಟಾಯ್ತು.

ಥೂ! ನಿಮ್ಮಂಥೋರಿಂದಲೇ ನನ್ನಂಥೋರು ಕೆಡೋದು. ಒಂದು ಸಲ ಗದರಿದ್ರೆ ನಾಲ್ಕು ಸಲ ವಾದ ಮಾಡಿ ಗೆದ್ದುಬಿಡ್ತಿದ್ದೆ. ಇದಕ್ಕೆ ಏನು ವಾದ ಮಾಡಲಿ ನಾನು? ನಿಮ್ಮ ಹತ್ರ ಹೇಳಿಕೊಂಡ ಪಾಪ ಹೊರಗೆ ಹೇಳೋ ಹಾಗಿಲ್ಲವಲ್ಲ, ಇದನ್ನೂ ಪಾಪನಿವೇದನೆ ಅಂದ್ಕೊಂಡು ಬಾಯಿ ಮುಚ್ಚಿಕೊಂಡು ಹೋಗ್ತೀರಿ, ಅಲ್ವಾ? ಮಂಡಿಯೂರದೆ, ಶ್ನಾಪ್ಸ್ ಕುಡಿದುಕೊಂಡು ಹೇಳಿದ್ದು ನಿವೇದನೆ ಅಲ್ಲ ಸ್ವಾಮಿ. ಅದು ಹರಟೆ. ಹರಟೆಯನ್ನ ಯಾರು ಯಾರಿಗೆ ಬೇಕಾದ್ರೂ...

ಗಂಟೆ. ಹನ್ನೆರಡಾಯ್ತು.

ಬಂದಳು ನೋಡಿ, ಹೇಳಿ ಕರೆಸಿದ ಹಾಗೆ. ಗಾಜಿನಾಚೆ ಆ ಕೆಂಪು ಟೋಪಿ. ಇಲ್ಲ, ನೀವು ಏಳಬೇಡಿ. ಊರುಗೋಲು ಕೊಡಲ್ಲ ನಾನು. ಕೂತ್ಕೊಳ್ಳಿ! ಇಷ್ಟು ದಿನ ಸುಮ್ಮನಿದ್ರಲ್ಲ, ಇನ್ನೊಂದು ಗಳಿಗೆ ಸುಮ್ಮನಿರಿ. ನಿಮಗೆ ಅದು ಚೆನ್ನಾಗಿ ಬರುತ್ತೆ.

ಬಾ ರೋಸ್ವಿಥಾ, ಬಾ. ಬಾಗಿಲು ಹಾಕ್ಕೊ, ಚಳಿ. ಹ್ಞೂ, ಪಾದ್ರಿಗಳೇ. ಮುಖ ಹಾಗೆ ಮಾಡಬೇಡ, ಮೊಸರು ಒಡೆದ ಹಾಗೆ. ಆ ಕಾಗದ ಆಮೇಲೆ ಆಗುತ್ತೆ, ಪೆನ್ನು ಚೀಲಕ್ಕೆ ಹಾಕು. ಮೊದಲು ಒಂದು ಸುದ್ದಿ ಇದೆ ಕಣೆ. ಈ ಚಳಿಗಾಲದ್ದೇ ದೊಡ್ಡ ಸುದ್ದಿ, ಇನ್ನೂ ಯಾರ ಬಾಯಿಗೂ ಬಿದ್ದಿಲ್ಲ, ನಿನಗೇ ಮೊದಲು. ಸಂಜೆಯೊಳಗೆ ನಲವತ್ತೊಂದು ಮನೆಗೂ ಮುಟ್ಟಿಸಬೇಕು, ಒಂದು ಮನೆಯೂ ಬಿಡಬಾರದು. ಯಾರ ವಿಷಯ ಅಂತೀಯಾ? ಒಬ್ಬಳು ಮುದುಕಿ. ನಮ್ಮೂರಿನೋಳೇ. ತಾನು ಹಾಳು ಮಾಡಿ ಇನ್ನೊಬ್ಬರ ಹೆಸರು ಹೇಳಿದೋಳು.

ಬೆಂಚಲ್ಲಿ ಜಾಗ ಇದೆ, ಅವರ ಪಕ್ಕ ಕೂತ್ಕೊ. ಇಂಥದನ್ನ ನಿಂತ್ಕೊಂಡು ಕೇಳೋಕಾಗಲ್ಲ.