ಅವಳು ಹೇಳಿದ್ದನ್ನೇ ಹೇಳಿದೆ

ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನಮ್ಮ ಹಿರಿಯ ನೋಂದಣಾಧಿಕಾರಿಗಳೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಮಾತುಗಳನ್ನಾಡಿದ ಮುಖ್ಯ ಅತಿಥಿಗಳೇ, ಎರಡನೇ ಮಹಡಿಯ ವಿವಾಹ ನೋಂದಣಿ ವಿಭಾಗದ ಸಹೋದ್ಯೋಗಿಗಳೇ, ಹಿಂದಿನಿಂದ ತಿಂಡಿಯ ವಾಸನೆ ಬರುತ್ತಿದ್ದರೂ ಎದ್ದು ಹೋಗದ ದೊಡ್ಡ ಮನಸ್ಸಿನ ಸಭಿಕರೇ,

ನಾನು ಈ ಕಚೇರಿಯ ದುಭಾಷಿ. ದುಭಾಷಿ ಎಂದರೆ ಯಾರು? ಇಡೀ ದಿನ ಮಾತಾಡಿಯೂ ತನ್ನದೊಂದು ಮಾತನ್ನೂ ಆಡದವಳು. ಅಧಿಕಾರಿ ಕೇಳಿದ್ದನ್ನು ವಧುವಿಗೆ ಹೇಳಬೇಕು, ವಧು ಹೇಳಿದ್ದನ್ನು ಅಧಿಕಾರಿಗೆ ಹೇಳಬೇಕು. ಸೇರಿಸುವಂತಿಲ್ಲ, ಬಿಡುವಂತಿಲ್ಲ. ಇವತ್ತು ಈ ಸನ್ಮಾನದ ನೆಪದಲ್ಲಿ ಇಷ್ಟು ವರ್ಷದ ಬಾಕಿಯೆಲ್ಲ ಒಟ್ಟಿಗೆ ಆಡಿಬಿಟ್ಟರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ವಿಭಾಗದ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಎರಡು ಸಹಿ, ಸಾಕ್ಷಿಗಳು, ಒಂದು ಫೋಟೋ. ಆದರೆ ಬೇರೆ ದೇಶದವರಾದರೆ? ಅವಿವಾಹಿತರೆಂಬ ಪತ್ರ ಅವರ ರಾಯಭಾರ ಕಚೇರಿಯಿಂದ ಬರಬೇಕು. ಅದು ನಮ್ಮ ಭಾಷೆಗೆ ಅನುವಾದವಾಗಬೇಕು. ಆ ಅನುವಾದ ಸರಿಯಿದೆ ಎಂದು ಇನ್ನೊಬ್ಬರು ಮುದ್ರೆ ಒತ್ತಬೇಕು. ನೋಟಿಸ್ ಫಲಕದಲ್ಲಿ ಹೆಸರು ತೂಗಬೇಕು. ಅಷ್ಟೆಲ್ಲ ದಾಟಿ ಬರುವಷ್ಟರಲ್ಲಿ ಹುಡುಗ ಹುಡುಗಿ ಇಬ್ಬರೂ ಅರ್ಧ ವಕೀಲರಾಗಿರುತ್ತಾರೆ. ಒಬ್ಬ ವರನಿಗೆ, "ಮುಂಚೆ ಮದುವೆ ಆಗಿದೆಯಾ?" ಎಂದು ಕೇಳಿದರೆ, "ಬೆಳಗ್ಗೆಯಿಂದ ಆಗ್ತಾನೇ ಇದೆಯಲ್ಲ ಮೇಡಂ!" ಎಂದ. ಅದನ್ನೂ ಹಾಗೆಯೇ ಅನುವಾದಿಸಿದೆ. ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಸಾಹೇಬರು ಆಗ ನಗಲಿಲ್ಲ. ಈಗ ನಗುತ್ತಿದ್ದಾರೆ, ನೋಡಿ.

ನನಗೆ ಈ ಎರಡನೇ ಭಾಷೆ ಎಲ್ಲಿಂದ ಬಂತು ಎಂದು ಹಲವರು ಕೇಳಿದ್ದೀರಿ. ಕಾಲೇಜಿನಿಂದ ಬಂದದ್ದಲ್ಲ. ಅಡುಗೆಮನೆಯಿಂದ ಬಂದದ್ದು. ನನ್ನ ಅಮ್ಮ ಆ ದೇಶದವಳು. ಮದುವೆಯಾಗಿ ಇಲ್ಲಿಗೆ ಬಂದವಳು. ಅವಳ ಮದುವೆಯೂ ಇಂಥದೇ ಒಂದು ಕಚೇರಿಯಲ್ಲಿ ನೋಂದಣಿಯಾಯಿತು. ಆಗ ದುಭಾಷಿ ಗಿಭಾಷಿ ಯಾರೂ ಇರಲಿಲ್ಲ. ಅಧಿಕಾರಿ ಏನೋ ಕೇಳಿದರು, ಅವಳ ಸೋದರಮಾವ ಹಿಂದಿನಿಂದ ಬೆನ್ನು ತಟ್ಟಿದ, ಇವಳು ತಲೆಯಾಡಿಸಿದಳು. ಮುಗಿಯಿತು. ಅಪ್ಪ ಕೆಟ್ಟವರಲ್ಲ, ಅದನ್ನು ಈ ವೇದಿಕೆಯಿಂದ ಹೇಳುತ್ತೇನೆ. ಹೊಡೆದವರಲ್ಲ, ಬೈದವರಲ್ಲ. ಅಮ್ಮನ ಭಾಷೆಯಲ್ಲಿ ಒಂದು ಮಾತನ್ನೂ ಕಲಿಯಲಿಲ್ಲ, ಅಷ್ಟೇ. ಅವಳಿಗೆ ಮಾತಾಡಲು ಯಾರಾದರೂ ಬೇಕಿತ್ತು, ನಾನು ಸಿಕ್ಕಿದೆ. ಇಷ್ಟೊಂದು ಮದುವೆಗೆ ನಿಂತವಳು ನೀನ್ಯಾಕೆ ಆಗಲಿಲ್ಲ ಎಂದು ಕೇಳುವ ನಮ್ಮ ಲೆಕ್ಕ ವಿಭಾಗದವರಿಗೆ ಉತ್ತರ ತಿಂಡಿಯ ನಂತರ ಕೊಡುತ್ತೇನೆ. ಅಥವಾ ಕೊಡುವುದಿಲ್ಲ.

ಸಭಿಕರೇ, ನಾನು ಮಾಡಿಸಿದ ಮದುವೆಗಳನ್ನು ಮುಖ್ಯ ಅತಿಥಿಗಳು ಹೊಗಳಿದರು. ನನ್ನ ಹೆಮ್ಮೆ ಬೇರೆ. ನಾನು ಒಂದು ಮದುವೆ ನಿಲ್ಲಿಸಿದ್ದೇನೆ.

ಅಮ್ಮನ ದೇಶದಿಂದಲೇ ಬಂದ ಹುಡುಗಿ. ಜೊತೆಗೆ ಅವಳ ಅಪ್ಪ. ಹುಡುಗ ಇಲ್ಲಿಯವನು, ಇಬ್ಬರ ತಂದೆಯರೂ ವ್ಯಾಪಾರದಲ್ಲಿ ಪಾಲುದಾರರು. ನಮ್ಮ ಕೋಣೆ ನಿಮಗೆ ಗೊತ್ತಲ್ಲ, ಆರು ಜನ ಬಂದರೆ ಏಳನೆಯವರು ಬಾಗಿಲಿನ ಹೊರಗೆ. ಆ ದಿನ ಹುಡುಗನ ಸೋದರತ್ತೆ, ಚಿಕ್ಕಮ್ಮಂದಿರು, ಹೂಗುಚ್ಛ, ಕಿಟಕಿಯ ಮೇಲೆ ಹತ್ತಿ ನಿಂತ ಫೋಟೋದವನು. ಸಾಹೇಬರು ಪೆನ್ನು ತೆರೆದು ಕೇಳಿದರು, "ನಿಮ್ಮ ಸ್ವಂತ ಇಚ್ಛೆಯಿಂದ ಈ ಮದುವೆಗೆ ಒಪ್ಪಿದ್ದೀರಾ?" ನಾನು ಅವಳ ಭಾಷೆಯಲ್ಲಿ ಕೇಳಿದೆ. ಅವಳು ನೆಲ ನೋಡುತ್ತಾ ಒಂದು ಮಾತು ಹೇಳಿದಳು. ಎಲ್ಲರೂ ನಕ್ಕರು, ಫೋಟೋ ತೆಗೆದರು. ಸಾಹೇಬರು ಸಹಿ ಹಾಕಲು ಬಗ್ಗಿ, "ಹೂಂ ಅಂದಳು ತಾನೆ?" ಎಂದರು.

"ಇಲ್ಲ ಸರ್. 'ಅಪ್ಪ ಒಪ್ಪಿದ್ದಾರೆ' ಅಂದಳು."

ಆ ಅಪ್ಪನಿಗೆ ನಮ್ಮ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು. "ಎರಡೂ ಒಂದೇ ಕಣಮ್ಮ, ಹೂಂ ಅಂತ ಬರ್ಕೊಳ್ಳಿ!" ಎಂದು ಕೂಗಿದರು. ಎರಡೂ ಒಂದೇ ಹೇಗಾಗುತ್ತದೆ? ನೀವೇ ಹೇಳಿ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, "ಇನ್ನೊಂದ್ಸಲ ಕೇಳಿ. ಅವಳೇ ಹೇಳ್ಬೇಕು" ಎಂದರು. ಕೇಳಿದೆ. ಅವಳು ಈ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಸಾಹೇಬರಿಗೆ ಒಪ್ಪಿಸಿದೆ: "ಇಲ್ಲ ಅಂದ್ರೆ, ಇವತ್ತು ರಾತ್ರಿ ನಾನು ಎಲ್ಲಿ ಮಲಗಲಿ?"

ಸಾಹೇಬರೇ, ನೆನಪಿದೆಯಾ? ನೀವು ಕಾನೂನು ಪುಸ್ತಕದ ಕಡೆ ನೋಡಿದಿರಿ. ಅದರಲ್ಲಿ ವಯಸ್ಸಿಗೆ ಉತ್ತರವಿದೆ, ವಿಳಾಸಕ್ಕೆ ಉತ್ತರವಿದೆ, ಸಾಕ್ಷಿ ಬಾರದಿದ್ದರೆ ಏನು ಮಾಡಬೇಕೆಂದಿದೆ. ಇದಕ್ಕೆ ಇರಲಿಲ್ಲ. ಆಗ ಯಾರೂ ಹೇಳು ಎನ್ನದ ಒಂದು ಮಾತನ್ನು ನಾನು ಅವಳ ಭಾಷೆಯಲ್ಲಿ ಹೇಳಿದೆ.

"ಈಗ ನೀವೇನಂದ್ರಿ?" ಸಾಹೇಬರು ಕೇಳಿದರು. ನಿಯಮ ನಿಯಮವೇ. ನನ್ನ ಮಾತನ್ನೂ ಅನುವಾದಿಸಿದೆ. "ನಮ್ಮನೇಲಿ ಮಲಗು ಅಂದೆ, ಸರ್."

ಸಾಹೇಬರು ನನ್ನನ್ನು ಬೈಯಬಹುದಿತ್ತು, ಹೊರಗೆ ಕಳಿಸಬಹುದಿತ್ತು. "ಸರಿ. ಅವಳ ಉತ್ತರ ಕೇಳಿ" ಎಂದರು. ಅದಕ್ಕೇ ಇವತ್ತು ಅವರು ಆ ಕುರ್ಚಿಯಲ್ಲಿ ಕೂರಬೇಕೆಂದು ನಾನೇ ಹಟ ಹಿಡಿದೆ. ಹುಡುಗಿ ಬೇಡ ಎಂದಳು. ಎರಡು ಸಲ ಹೇಳಿದಳು, ಎರಡನೆಯದು ಜೋರಾಗಿ. ಅವಳ ಅಪ್ಪ ನನ್ನ ವಂಶವನ್ನೆಲ್ಲ ಜಾಲಾಡಿದರು. ಪಾಪ, ಆ ಹುಡುಗ ಮಾತ್ರ ಕೋಟಿನ ಹೂವು ಕಿತ್ತು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಬಂದು, "ಅವಳ ಪೆಟ್ಟಿಗೆ ನಮ್ಮನೇಲಿದೆ. ಎಲ್ಲಿಗೆ ತಂದ್ಕೊಡ್ಲಿ?" ಎಂದ. ವಿಳಾಸ ಕೊಟ್ಟೆ. ಆ ಹುಡುಗಿ ಈಗ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಾನು ಉಟ್ಟಿರುವ ಈ ಸೀರೆಗೆ ಅಂಚು ಹೊಲಿದವಳು ಅವಳೇ.

ಆ ಸಂಜೆ ಅವಳನ್ನು ಕರೆದುಕೊಂಡು ಮನೆ ಮೆಟ್ಟಿಲು ಹತ್ತುವಾಗ ನನಗೆ ಒಂದೇ ಯೋಚನೆ. ಅಮ್ಮನಿಗೆ ಏನು ಹೇಳಲಿ? ಅಮ್ಮ ಬಾಗಿಲು ತೆರೆದಳು, ಅವಳ ಮುಖ ನೋಡಿದಳು, ತನ್ನ ಭಾಷೆಯಲ್ಲಿ, "ಊಟ ಆಯ್ತಾ?" ಎಂದಳು. ಹುಡುಗಿ ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟಳು. ಬಡಿಸುವಾಗ ನಾನು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಕೇಳಿದಳು. ಕೊನೆಗೆ, "ನನ್ನನ್ನೂ ಹೀಗೆ ಕೇಳಿದ್ದಿದ್ರೆ ನಾನೂ ಬೇಡ ಅಂತಿದ್ದೆ" ಎಂದಳು.

ನಾನು ನಗುತ್ತಲೇ, "ಹಾಗಾದ್ರೆ ನಾನು ಹುಟ್ತಾನೇ ಇರ್ಲಿಲ್ವಲ್ಲಮ್ಮ" ಎಂದೆ.

ಅಮ್ಮನಿಗೆ ನಾನೊಬ್ಬಳೇ ಇದ್ದೆ, ಸಭಿಕರೇ. ನನಗಿಂತ ಹೆಚ್ಚಾಗಿ ಅವಳು ಯಾರನ್ನೂ ಪ್ರೀತಿಸಲಿಲ್ಲ.

"ಹೌದು," ಎಂದಳು. "ಆದ್ರೂ ಬೇಡ ಅಂತಿದ್ದೆ." ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಅಮ್ಮನ ಉತ್ತರವನ್ನು ಸರಕಾರ ಎಂದೂ ಬರೆದುಕೊಳ್ಳಲಿಲ್ಲ. ಇವತ್ತು ನಾನು ಇಷ್ಟು ಜನರ ಮುಂದೆ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದ್ದೇನೆ. ಸೇರಿಸಿಲ್ಲ, ಬಿಟ್ಟಿಲ್ಲ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಅವಳ ಪರವಾಗಿ, ನನ್ನ ಪರವಾಗಿ ಕೃತಜ್ಞತೆಗಳು. ನಮಸ್ಕಾರ.