ಕುಂತಿಬೆಟ್ಟ ಹತ್ತಿದ ಮ್ಯಾಚ್‌ಲೆಸ್ಸು

ಬ್ಯಾಡಿ ಮಾವ, ಬ್ಯಾಡಿ... ಹಗ್ಗ ಬುಡಿ! ಮುದ್ದಯ್ಯಣ್ಣ, ನೀನೂ ಅಷ್ಟೇಯ, ಗಾಡಿ ಮುಟ್ಟಿದ್ರೆ ನೆಟ್ಗಿರಾಕಿಲ್ಲ. ಓಗು, ನಿನ್ ಟೆಂಪೋ ತಾವ ಓಗಿ ಕುಂತ್ಕೊ. ನಮ್ಮ ಮಾವನ ಕುಟೆ ನಾನ್ ಮಾತಾಡ್ತೀನಿ.

ಕುಂತ್ಕಳಿ ಮಾವ. ಆ ಸ್ಟೂಲ್ ಬ್ಯಾಡ, ಗ್ರೀಸಾಗೈತೆ... ಈ ಟೈರ್ ಮ್ಯಾಲೆ ಕುಂತ್ಕಳಿ. ನೀರ್ ಕೊಡ್ಲಾ? ಬ್ಯಾಡ್ವಾ? ಆಯ್ತು ಬುಡಿ. ಅಲ್ಲಾ, ಕೆ.ಆರ್.ಪ್ಯಾಟೆಯಿಂದ ಟೆಂಪೋ ಮಾಡ್ಕಂಡ್ ಬಂದು, ಮಗ ಗ್ಯಾರೇಜಲ್ಲಿ ಇಲ್ದಿದ್ ಹೊತ್ನಲ್ಲಿ ಅವ್ರ ಮೋಟ್ರುಬೈಕ್ ಹೇರ್ಕಂಡ್ ಓಗ್ತೀನಿ ಅಂದ್ರೆ... ಅವ್ರು ಬಂದು ‘ಎಲ್ಲಮ್ಮಿ ಗಾಡಿ’ ಅಂದ್ರೆ ನಾನೇನ್ ಯೋಳ್ಲಿ? ಮದ್ವೆಯಾಗಿ ಬಂದಾಗಿಂದ ನಿಮಗೆ ಎದುರು ಮಾತಾಡ್ದೋಳಲ್ಲ ನಾನು. ಆದ್ರೆ ಇವತ್ತು... ಇವತ್ತು ಆಡ್ತೀನಿ.

ಹೂಂ, ನಿಮ್ಮೂರ ಬಸ್‌ಸ್ಟಾಂಡಲ್ಲಿ ನಿಮಗ್ ಯಾರೋ ಯೋಳಿದ್ದು ನಿಜವೇ. ಭಾನುವಾರ ಕುಂತಿಬೆಟ್ಟದ ಪಂದ್ಯದಲ್ಲಿ ನಿಮ್ಮ ಮಗನೇ ಗಾಡಿ ಓಡ್ಸಿದ್ದು. ಮುಂಚೆ ಒಂದ್ಸಲ ಅಲ್ಲೇ ಬಿದ್ದು ಬಲಗೈ ಬಂಡೆಗ್ ಜಜ್ಜಿಸ್ಕಂಡಿದ್ರಲ್ಲ, ಸಿಮೆಂಟು ಪಟ್ಟಿ ಬಿಚ್ಚಿ ಇನ್ನೂ ತಿಂಗ್ಳಾಗಿಲ್ಲ, ಅದೇ ಬೆಟ್ಟ, ಅದೇ ಗಾಡಿ! ಹೆತ್ತೋರ ಹೊಟ್ಟೆ ಉರೀದೆ ಇದ್ದಾತಾ? ನಾನೂ ಬ್ಯಾಡ ಅಂದೆ ಮಾವ. ಕಾಲ್ ಕಟ್ಟಿದೆ. ಕೇಳ್ನಿಲ್ಲ. ಅವ್ರ ಹಟ ನಿಮಗ್ ಗೊತ್ತಿಲ್ವಾ? ಬಯ್ಯಂಗಿದ್ರೆ ನನ್ನೇ ಬಯ್ಯಿ.

ಏನು? ಕೈಯಾ?

ಕೈಗೇನಾಗೈತೆ? ಚೆನ್ನಾಗೈತೆ. ಫಸ್ಟ್‌ಕ್ಲಾಸಾಗೈತೆ! ಕೈ ಸರ್ಯಾಗಿಲ್ದೋರು ಬಂಡೆ ಮ್ಯಾಕೆ ಗಾಡಿ ಹತ್ಸಕಾದದಾ, ನೀವೇ ಯೋಳಿ? ಬೆಳಿಗ್ಗೆ ಮುದ್ದೆ ಉಣ್ಸಿ ಕಳ್ಸ್ದೆ... ಉಣ್ಣಕ್ಕಿಕ್ಕಿ ಕಳ್ಸ್ದೆ ಅಂದೆ. ಪಾಂಡವಪುರದ ಪ್ಯಾಟೆಗ್ ಓಗವ್ರೆ, ಯಾರ್ದೋ ಗಾಡಿಗೆ ಬೇರಿಂಗ್ ತರಕ್ಕೆ. ಈಗ ಬಂದ್ಬುಡ್ತಾರೆ.

ಯಾಕ್ ಮಾವ, ಯಾಕಂಗ್ ನೋಡ್ತೀರಾ ಗಾಡೀನ? ಸುಟ್ಟಾಕೋರಂಗೆ... ಅದೇನ್ ಮಾಡ್ತು ನಿಮಗೆ?

ಇದು ಮೊದ್ಲು ಎಂಗಿತ್ತು ಅಂತ ನೀವ್ ನೋಡಿರ್ನಿಲ್ಲ. ನಾಗಮಂಗಲದ ಕಡೆ ಒಬ್ರ ಕೊಟ್ಟಿಗೇಲಿ ಬಿದ್ದಿತ್ತು. ಬ್ರಿಟಿಷ್ರ ಕಾಲದ ಮಿಲಿಟ್ರಿ ಗಾಡಿಯಂತೆ, ಮ್ಯಾಚ್‌ಲೆಸ್ ಅಂತವ. ಹ್ಯಾಂಡಲ್‌ಗೆ ಕರ ಕಟ್ಟಿದ್ರು! ಎತ್ತಿನಗಾಡೀಲಿ ಹುಲ್ ಹಾಸಿ ತಂದ್ರು ನಿಮ್ಮಗ. ನಾನ್ ನಕ್ಬುಟ್ಟೆ. ಇದೇನ್ರೀ, ಗುಜರಿ ತಂದಿದೀರಿ ಅಂತವ. ಒಂದೂವರೆ ವರ್ಷ ಮಾವ... ಇಂಜಿನ್ ಬಿಚ್ಚಿ ಸೀಮೆಎಣ್ಣೇಲಿ ನೆನೆಹಾಕಿ, ವಾಲ್ವು ಉಜ್ಜಿ ಕೂರ್ಸಿ, ಪಿಸ್ಟನ್ನು ಸಿಕ್ದೆ ಮೈಸೂರು, ಬೆಂಗ್ಳೂರು ಎಲ್ಲ ಅಲ್ದು... ಸೈಲೆನ್ಸರ್ ನೋಡಿ, ಮ್ಯಾಲಕ್ಕೆ ಎತ್ಕಟ್ಟವ್ರೆ. ಕೆಳಗಿದ್ರೆ ಕಲ್ಲಿಗ್ ಬಡೀತದೆ. ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಚಕ್ರ ಹಾಕವ್ರೆ, ನಿಧಾನಕ್ ಎಳೀಲಿ ಅಂತವ. ಮೊದಲ್ನೇ ಸಲ ಸ್ಟಾರ್ಟ್ ಆದಾಗ ಅವ್ರು ಟ್ಯಾಂಕಿನ ಮ್ಯಾಲೆ ಕೈಯಿಟ್ಕಂಡ್ ಸುಮ್ಕೆ ನಿಂತಿದ್ರು, ಒಳ್ಳೆ ಹಸು ಈದಾಗ ನಿಲ್ಲೋರಂಗೆ.

ನಗ್ತೀರಾ? ಇಲ್ಲ... ನಗ್ನಿಲ್ಲ ನೀವು.

ಪಂದ್ಯ ಅಂದ್ರೆ ನೀವ್ ಅಂದ್ಕಂಡಂಗೆ ಜೋರಾಗ್ ಓಡ್ಸಾದಲ್ಲ ಮಾವ. ಬಂಡೆ ಸಂದೀಲಿ ಸುಣ್ಣದ ಗೆರೆ ಎಳ್ದಿರ್ತಾರೆ, ಅದ್ರೊಳಗೇ ಓಗ್ಬೇಕು, ನಿಲ್ಲಂಗಿಲ್ಲ, ಕಾಲು ನೆಲಕ್ ಊರಂಗಿಲ್ಲ. ಅಷ್ಟೇಯ. ಮೈಸೂರಿಂದ ಬಂದಿದ್ ಹುಡುಗ್ರ ಗಾಡಿಗೊಳು ಕಿರ್ರ್ ಅಂತ ಅರುಚ್ಕಂಡು ಇದ್ದಲ್ಲೇ ಚಕ್ರ ತಿರುಗಿಸ್ತಿದ್ದೊ. ಇದು ಅಂಗಲ್ಲ. ದುಡ್... ದುಡ್... ದುಡ್... ಒಂದೊಂದೇ ಹೆಜ್ಜೆ, ಉಳೋ ಎತ್ತಿನಂಗೆ. ಅವಸರ ಮಾಡ್ಬಾರ್ದು. ಕೆಳಗಿನ ಸಂದಿ ದಾಟಾಯ್ತು, ತಿರುವೂ ಆಯ್ತು. ಮ್ಯಾಲಿನ ಬಂಡೆ ತಾವ ನೀರಿಳ್ದು ಪಾಚಿ ಕಟ್ಟೈತೆ ನೋಡಿ, ಅವ್ರು ಬಿದ್ದಿದ್ದೂ ಅಲ್ಲೇ... ಅಲ್ಲಿಗ್ ಬರ್ತಿದ್ದಂಗೇ ಹಿಂದಿನ ಚಕ್ರ ಸರ್ರ್ ಅಂತ ಜಾರ್ತು. ಗಾಡಿ ಎಡಕ್ ವಾಲ್ತು. ಕಾಲೂರ್ಬುಡನಾ ಅನ್ಸ್ತದೆ, ಅತ್ತಗಿಂದ ಜನ ‘ಚಲುವರಾಜಾ, ಊರ್ಬ್ಯಾಡ ಕಣ್ಲಾ! ಊರ್ಬ್ಯಾಡ ಕಣ್ಲಾ!’ ಅಂತ ಕೂಗ್ತಾವ್ರೆ, ಹೆಲ್ಮೆಟ್ಟೊಳಗೆ ನನ್ನುಸ್ರೇ ನಂಗೆ ಕೇಳ್ತಾ ಐತೆ...

ಅವ್ರುಸ್ರು. ಅವ್ರುಸ್ರು ಅವ್ರಿಗೆ ಕೇಳ್ತಿತ್ತಂತೆ. ಬಂದ್ಮ್ಯಾಲೆ ಯೋಳುದ್ರು ನಂಗೆ.

ಯಾಕ್ ಮಾವ, ಮುಂದಕ್ ಬಗ್ಗುದ್ರಿ?

ಬಯ್ಯಿ... ನನ್ ಕೈ ಯಾಕ್ ನೋಡ್ತೀರಾ? ಇದಾ? ಮಸಿ. ಒಲೆ ಮಸಿ ಕಣಿ. ಉಗುರೊಳಕ್ ಓಗಾಕಿಲ್ವಾ ಒಲೆ ಮಸಿ? ಎಷ್ಟ್ ತಿಕ್ಕುದ್ರೂ ಓಗಾಕಿಲ್ಲ ಅದು...

ಎಲ್ಗ್ ಎದ್ರಿ? ಮಾವ! ಮುದ್ದಯ್ಯಣ್ಣನ್ನ ಕರೀಬ್ಯಾಡಿ, ನಿಮ್ ಕಾಲಿಗ್ ಬೀಳ್ತೀನಿ, ಈ ಗಾಡಿ ಓದ್ರೆ ಅವ್ರು... ಏನು? ಓಗು ಅಂತವಾ? ಮುದ್ದಯ್ಯಣ್ಣಂಗಾ?

ಟೆಂಪೋ ಯಾಕ್ ಕಳ್ಸ್ಬುಟ್ರಿ ಮಾವ?

ಮಾವ... ಇತ್ಲಾಗ್ ತಿರ್ಕಳಿ. ಅಳ್ತಿದೀರಾ?

ನೀವ್ ಬರ್ತಾ ಪಾಂಡವಪುರದ ಬಸ್‌ಸ್ಟಾಂಡ್ ಮ್ಯಾಲೇ ಬಂದ್ರಾ? ಅಲ್ಲಿ ಹೋಟ್ಲಲ್ಲಿ... ಕಂಡ್ರಾ ಅವ್ರನ್ನ? ಎಡಗೈಲಿ ತಿಂತಿದ್ರಾ?

ಅಯ್ಯೋ ಶಿವನೇ. ಅಂಗಾರೆ ಮೊದ್ಲಿಂದ್ಲೂ ಗೊತ್ತಿತ್ತು ನಿಮಗೆ. ನಾನ್ ಚೆನ್ನಾಗೈತೆ, ಫಸ್ಟ್‌ಕ್ಲಾಸು ಅಂತ ಬಡ್ಕಂಡಿದ್ದಷ್ಟೂ ಹೊತ್ತು... ಮಾತಾಡ್ಸ್ನಿಲ್ವಾ ಅವ್ರನ್ನ? ಆಗ್ನಿಲ್ವಾ? ನಿಜ. ನಂಗೂ ನೋಡಕಾಗಾಕಿಲ್ಲ.

ಬೆರಳು ಮಡಚಾಕಿಲ್ಲ ಮಾವ. ನರ ಸತ್ತೋಗೈತೆ, ಇನ್ ಬರಾದು ಕಷ್ಟ ಅಂದ್ರು ಡಾಕ್ಟ್ರು. ಸ್ಪ್ಯಾನರ್ ಕೊಟ್ರೆ ಕೆಳಕ್ ಬೀಳ್ತದೆ. ಕೈಯಿಲ್ದ ಮೆಕಾನಿಕ್ ತಾವ ಯಾರ್ ಗಾಡಿ ಬುಡ್ತಾರೆ? ಗೊತ್ತಾದ್ ದಿನ ಈ ಬಾಗ್ಲು ಮುಚ್ಚಿದಂಗೇಯ. ಅದುಕ್ಕೇ ಒಳಗಿನ ಕ್ವಾಣೇಲಿ ಅವ್ರು ಬಾಯಲ್ ಯೋಳ್ತಾರೆ, ನಾನ್ ಬಿಚ್ತೀನಿ, ನಾನ್ ಕೂರುಸ್ತೀನಿ. ಗಿರಾಕಿ ಬಂದಾಗ ನಾನ್ ಎದ್ದು ಅಡುಗೆ ಮನೆಗ್ ಓಯ್ತೀನಿ.

ಪಂದ್ಯಕ್ಕೆ ಮೊದ್ಲೇ ಹೆಸ್ರು ಕೊಟ್ಬುಟ್ಟಿದ್ರು. ಬರ್ದೆ ಇದ್ರೆ ಜನ ಯಾಕೆ ಅಂತಾರೆ. ಅವತ್ತು ನನ್ ಕೈಲಿ ಬೂಟ್ ಕಟ್ಟಿಸ್ಕಂಡ್ರು. ಕಟ್ಟಿಸ್ಕಂಡು ಎದ್ದೇಳ್ನೇ ಇಲ್ಲ ಮಾವ... ಗ್ವಾಡೆ ಕಡೆ ತಿರ್ಕಂಡ್ ಕುಂತ್ಬುಟ್ರು. ನಾನ್ ಆ ಬೂಟ್ ಬಿಚ್ಚಿ ನನ್ ಕಾಲಿಗ್ ಹಾಕ್ಕಂಡೆ. ಅವ್ರ ಪ್ಯಾಂಟು, ಅವ್ರ ಕೋಟು, ಮುಖ ಮುಚ್ಚೋ ಹೆಲ್ಮೆಟ್ಟು. ನಂಗೆ ಓಡ್ಸಕ್ ಕಲ್ಸಿದ್ದೂ ಅವ್ರೇ, ನಾಲೇಲಿ ನೀರ್ ಬುಡಾದ್ ನಿಲ್ಸಿದ್ದಾಗ, ನಾಲೆ ಒಳಗೆ, ತಮಾಸೆಗೆ. ‘ನೀನ್ ನಂಗಿಂತ ತಣ್ಣಗ್ ಓಡುಸ್ತೀಯ ಕಣಮ್ಮಿ’ ಅಂದಿದ್ರು.

ಭಾನುವಾರದಿಂದ ನಗ್ತಾವ್ರೆ ಮಾವ. ಬಂದ್ ಬಂದೋರೆಲ್ಲ ಬೆನ್ನು ತಟ್ತಾರೆ, ಏನ್ ಬಂಡೆ ಹತ್ಸುದ್ಯಲಾ ಚಲುವರಾಜ ಅಂತವ. ಇವ್ರು ಕೈ ಜೋಬಿಗಿಕ್ಕಂಡು ನಗ್ತಾರೆ. ಪಟ್ಟಿ ಬಿಚ್ಚಿದ್ಮ್ಯಾಲೆ ಆ ನಗು ನಾನ್ ನೋಡಿರ್ನಿಲ್ಲ. ನಾನ್ ಬಾಗ್ಲ ಸಂದೀಲಿ ನಿಂತ್ಕಂಡ್ ಕೇಳ್ತೀನಿ. ನಂಗೂ ಒಂದ್ಸಲ ಯಾರಾದ್ರೂ... ಓಗ್ಲಿ ಬುಡಿ. ಅದು ಬ್ಯಾಡ.

ಏನಂದ್ರಿ? ... ಬ್ಯಾಡಿ ಮಾವ, ಅಂಗೆ ನನ್ ತಲೆ ಮ್ಯಾಲೆ ಕೈಯಿಕ್ಬ್ಯಾಡಿ, ನಾನೂ ಅತ್ಬುಡ್ತೀನಿ.

ತಡೀರಿ... ಅಗಾ, ರೋಡ್ ದಾಟ್ತಾವ್ರೆ, ಬಂದ್ರು! ಕಣ್ಣೊರುಸ್ಕಳಿ ಮಾವ, ಈ ಟವಲ್ ತಕಳಿ. ಅವ್ರ ಕೈ ಕಡೆ ನೋಡ್ಬ್ಯಾಡಿ. ನಿಮಗ್ ಏನೂ ಗೊತ್ತಿಲ್ಲ, ತಿಳೀತಾ? ನಿಮ್ಮಗ ಬಂಡೆ ಹತ್ಸವ್ರೆ, ಅದ್ಕೆ ನಿಮಗ್ ಕ್ವಾಪ. ಮುಖ ಗಂಟಿಕ್ಕಂಡ್ ಕುಂತ್ಕಳಿ. ಇನ್ನೂ... ಹಾಂ, ಅಂಗೆ.

ಬಂದ್ರಾ? ಬನ್ನಿ ಬನ್ನಿ, ನೀವುಂಟು ನಿಮ್ಮಪ್ಪಯ್ಯ ಉಂಟು. ಬಂದಾಗಿಂದ ಒಂದೇ ಸಮ ಬಯ್ತಾ ಕುಂತವ್ರೆ, ನಂಗೆ ಒಂದ್ ಮಾತಾಡಕೂ ಬುಡ್ನಿಲ್ಲ.