ಅತಿ ಎತ್ತರದ ಹುಡುಗಿ

ಇಂಗ್ಲಿಷಿನಲ್ಲಿ ಎತ್ತರವನ್ನು ಹೋಲಿಸುವುದು ಹೇಗೆಂಬ ಘನಗಂಭೀರ ಪ್ರಶ್ನೆ ಶಾಲಾ ಕಚೇರಿಯ ಮುಂದಿನ ಸಾಲಿನಲ್ಲಿ, ನನ್ನ ಬೆನ್ನ ಹಿಂದೆಯೇ ಇತ್ಯರ್ಥವಾಯಿತು. ಒಬ್ಬ ತಾಯಿ ಚೀಲವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಗಿಡ್ಡ ಮೇಷ್ಟ್ರೊಬ್ಬರನ್ನು ತಡೆದು ನಿಲ್ಲಿಸಿದ್ದಳು.

“ನನ್ನ ಮಗಳನ್ನೇ ಯಾಕೆ ಸಾರ್ ಎಲ್ಲರ ಮುಂದೆ ನಿಲ್ಲಿಸಿದ್ರಿ?”

“ಟಾಲ್, ಟಾಲರ್, ಟಾಲೆಸ್ಟ್ ಕಲಿಸೋಕೆ ಮೂವರು ಬೇಕಲ್ಲಮ್ಮ. ಅವಳೇ ಟಾಲೆಸ್ಟ್. ಹೊಗಳಿದ್ದೇ ಅಲ್ವಾ?”

“ಈಗ ಎಲ್ಲರೂ ಅವಳನ್ನ ಹಾಗೇ ಕರೀತಾರೆ. ಬೆನ್ನು ಬಗ್ಗಿಸ್ಕೊಂಡು ನಡೀತಾಳೆ. ಇನ್ಮೇಲೆ ಶಾಲೆಗೇ ಹೋಗಲ್ಲ ಅಂತ ಕೂತಿದಾಳೆ.”

“ತಮಾಷೆ ಕಣಮ್ಮ, ಮಕ್ಕಳಲ್ವಾ.”

“ಹಾಗಾದ್ರೆ ನೀವೇ ನಿಂತ್ಕೊಳ್ಳಿ. ಪಕ್ಕದಲ್ಲಿ ಡ್ರಿಲ್ ಮೇಷ್ಟ್ರು, ಅವರ ಪಕ್ಕ ಹೆಡ್‌ಮಾಸ್ಟ್ರು.”

“ಅಯ್ಯೋ, ಮಕ್ಕಳು ನಗಲ್ವೇನಮ್ಮ?”

ಆಕೆ ಚೀಲವನ್ನು ಕೆಳಗಿಟ್ಟಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಕಳಿಸ್ಕೊಡಿ. ನಾನೇ ನಿಲ್ತೀನಿ.”

ಗಂಟೆ ಹೊಡೆಯಿತು. ಮೇಷ್ಟ್ರು ತರಗತಿಗೆ ಹೋದರು. ತಾಯಿ ಮಗಳನ್ನು ಕರೆತರಲು ಮನೆಗೆ ಹೋದಳು.